ಆ ಬಾತಿನ ಕಣ್ಣಿನ ಬಣ್ಣ

ಒಂದು ಬಾತಿಗೂ ಇನ್ನೊಂದು ಬಾತಿಗೂ ಇರುವ ವ್ಯತ್ಯಾಸವನ್ನು ಈಚೆಗಷ್ಟೇ, ಅದೂ ಅರ್ಧಂಬರ್ಧ ಕಲಿತವರು ಇಂಥದ್ದನ್ನು ಬರೆಯಲು ಕೂರುವುದು ಉದ್ಧಟತನವೇ ಸರಿ. ಬಲ್ಲವರು ಮನ್ನಿಸಬೇಕು. ಹಕ್ಕಿಯ ವಿಷಯದಲ್ಲಿ ತಪ್ಪಿದ್ದರೆ ಯಾರಾದರೂ ತಿದ್ದಿಯಾರು. ಆದರೆ ಇದರಲ್ಲಿ ಒಂದು ಮನೆಯ ಸಾವೂ ಇದೆ. ಮನೆಯವರು ‘ಬರ್ಕೊಳ್ಳಿ, ಅದರಲ್ಲೇನಿದೆ’ ಎಂದಿದ್ದಾರೆ, ನಿಜ. ಅವರು ಹೂಂ ಅಂದಷ್ಟು ಸುಲಭವಾಗಿ ಬರೆಯುವ ಕೈಗೆ ಧೈರ್ಯ ಬರುತ್ತಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಲಾಶಯದ ಮೇಲೆ ಮಂಜು ಒಲೆಯ ಹೊಗೆಯ ಹಾಗೆ ತಗ್ಗಿನಲ್ಲೇ ಸುತ್ತಾಡುತ್ತಿದೆ. ದೋಣಿಯ ಹಿಂದಿನ ಹಲಗೆಯ ಮೇಲೆ ಅಕ್ಕ ಕೂತು ಹುಟ್ಟು ಹಾಕುತ್ತಿದ್ದಾರೆ. ಮುಂದಿನ ಹಲಗೆಯಲ್ಲಿ ತಮ್ಮ. ತಲೆಗೆ ಉಣ್ಣೆಯ ಟೋಪಿ, ಕೊರಳಲ್ಲಿ ಹಳೆಯ ದುರ್ಬೀನು. ಅದರ ಒಂದು ಗಾಜಿನೊಳಗೆ ಬೂಷ್ಟು ಹಿಡಿದಿದೆಯಾದ್ದರಿಂದ ಅವರು ನೋಡುವುದು ಇನ್ನೊಂದರಿಂದ ಮಾತ್ರ.

"ಕಾಲು ಮೇಲಿಟ್ಕೋ. ಅಡಿಯಲ್ಲಿ ನೀರು ಬಂದಿದೆ," ಅಕ್ಕನ ಗದರಿಕೆ.

"ಬಂದಿರಲಿ ಬಿಡು. ಸದ್ದು ಮಾಡ್ಬೇಡ ಅಕ್ಕ, ಹಾರಿಹೋಗ್ತವೆ."

"ನಾನು ಮಾತಾಡಿದ್ರೆ ಹಾರಿಹೋಗ್ತವೆ. ನೀನು ಕೆಮ್ಮಿದ್ರೆ ಕೂತ್ಕೊಂಡು ಕೇಳ್ತವೆ, ಅಲ್ವಾ?"

ತಮ್ಮ ನಗುವುದಿಲ್ಲ. ನಗು ಬಂದಿದೆ ಎಂಬುದು ಟೋಪಿಯ ಕೆಳಗೆ ಕಿವಿ ಅಲುಗಿದ್ದರಿಂದ ಗೊತ್ತಾಗುತ್ತದೆ.

ಜಲಾಶಯದ ಕೆಲಸಗಾರರ ಸಾಲುಮನೆಗಳಲ್ಲಿ ಈ ತಮ್ಮನನ್ನು ಕರೆಯುವುದು ದುರ್ಬೀನಣ್ಣ ಎಂದು. ಮಕ್ಕಳಿಗೆ ದುರ್ಬೀನು ಮಾಮ. ಕಚೇರಿಯ ಲೆಕ್ಕದಲ್ಲಿ ಇವರ ಕೆಲಸ ನೀರಿನ ಮಟ್ಟ ನೋಡುವುದು. ನೀರೊಳಗೆ ಅಲ್ಲಲ್ಲಿ ಅಳತೆಯ ಕಂಬಗಳಿವೆ. ದಿನಾ ಬೆಳಿಗ್ಗೆ ಗಾಳಿ ಏಳುವ ಮೊದಲು, ನೀರು ಕದಲದೆ ನಿಂತಿರುವಾಗ ಒಂದೊಂದು ಕಂಬದ ಹತ್ತಿರವೂ ಹೋಗಿ ಗುರುತು ಓದಿಕೊಂಡು ಬರಬೇಕು. ಕೊನೆಯ ಕಂಬ ಇರುವುದು ಜಲಾಶಯ ಒಳಕ್ಕೆ ಬಾಗಿ ತೆಳ್ಳಗಾಗುವ ಹಿನ್ನೀರಿನ ಮೂಲೆಯಲ್ಲಿ. ಚಳಿಗಾಲದಲ್ಲಿ ದೂರದಿಂದ ಬರುವ ಬಾತುಗಳೆಲ್ಲ ಇಳಿಯುವುದು ಅಲ್ಲೇ. ಹೇಗೂ ಹೋಗುತ್ತೀರಲ್ಲ, ಹಕ್ಕಿಗಳನ್ನೂ ನೋಡಿಕೊಂಡು ಬನ್ನಿ ಎಂದು ಯಾವುದೋ ಕಾಲದಲ್ಲಿ ಯಾರೋ ಹೇಳಿದ್ದು ಇವರ ಬೆನ್ನಿಗೆ ಅಂಟಿಕೊಂಡಿತು. ಅದಕ್ಕೆ ಸಂಬಳ ಬೇರೆ ಇಲ್ಲ. ಒಮ್ಮೆ ಟೋಪಿ ಕೊಟ್ಟಿದ್ದರು. ಈಗ ತಲೆಯ ಮೇಲಿರುವುದು ಅದೇ.

ಒಂದೇ ತರಹ ಕಾಣುವ ಹಕ್ಕಿಗಳನ್ನು ಬೇರೆ ಮಾಡುವುದು ಹೇಗೆ ಎಂದು ಕೇಳಿದರೆ ಅವರು ಮೊದಲು ದಡದ ಕೆಸರನ್ನು ತೋರಿಸುತ್ತಾರೆ. ಅಲ್ಲಿ ಉದ್ದ ಕಾಲಿನ ಪುಟ್ಟ ಗೊರವಗಳು ಬಾಲ ಕುಣಿಸುತ್ತಾ ಓಡಾಡುತ್ತಿವೆ. ಕಣ್ಣು ಕಿರಿದು ಮಾಡಿ ನೋಡಿದರೂ ಎಲ್ಲ ಒಂದೇ.

"ಓಡ್ತಿರೋವಾಗ ಕೇಳ್ಬೇಡಿ. ಹಾರಲಿ, ತಡೀರಿ. ರೆಕ್ಕೆ ಅಡಿಯಲ್ಲಿ ಮಸಿ ಬಳಿದ ಹಾಗಿದ್ರೆ ಅದು ಒಂದು ಜಾತಿ. ಮಾಸಲು ಬಿಳಿ ಇದ್ರೆ ಇನ್ನೊಂದು. ಎಲ್ಲದಕ್ಕೂ ಒಂದೊಂದು ಜಾಗದಲ್ಲಿ ಗುರುತು ಇರುತ್ತೆ. ಆ ಜಾಗ ತೋರಿಸೋವರೆಗೆ ನಾವು ಬಾಯಿ ಮುಚ್ಕೊಂಡಿರಬೇಕು, ಅಷ್ಟೇ."

ಆ ಕೊನೆಯ ಮಾತಿಗೆ ಹಿಂದೆ ಹುಟ್ಟಿನ ಸದ್ದು ಒಂದು ಸಲ ತಪ್ಪಿ ಮತ್ತೆ ಶುರುವಾಗುತ್ತದೆ.

ಈ ಕಥೆಯಲ್ಲಿ ಮುಖ್ಯವಾದ ಎರಡು ಬಾತುಗಳನ್ನು ಇಲ್ಲೇ ಪರಿಚಯ ಮಾಡಿಸಬೇಕು. ಒಂದು ಜುಟ್ಟುಬಾತು. ಹಿನ್ನೀರಿನಲ್ಲಿ ಚಳಿಗಾಲವಿಡೀ ಇರುವುದು ಬಹುಪಾಲು ಇವೇ. ಗಂಡು ಕಪ್ಪುಬಿಳುಪು, ದೂರದಿಂದಲೇ ಗೊತ್ತಾಗುತ್ತದೆ. ಹೆಣ್ಣು ಪೂರ್ತಿ ಕಂದು. ಇನ್ನೊಂದು ಬಿಳಿಗಣ್ಣ ಬಾತು. ಅದು ಅಪರೂಪದ ಹಕ್ಕಿ, ಎಲ್ಲ ಕಡೆಯೂ ಕಡಿಮೆಯಾಗುತ್ತಿದೆಯಂತೆ. ಬಿಳಿಗಣ್ಣು ಅನ್ನುವುದು ಗಂಡಿಗೆ ಮಾತ್ರ ಒಪ್ಪುವ ಹೆಸರು. ಅದರ ಹೆಣ್ಣೂ ಕಂದು, ಬಾಲದ ಅಡಿ ಬೆಳ್ಳಗೆ. ಹಾಗಾದರೆ ಬಾಲ ನೋಡಿದರೆ ಮುಗಿಯಿತಲ್ಲ ಎನ್ನಬೇಡಿ. ಜುಟ್ಟುಬಾತಿನ ಹೆಣ್ಣುಗಳಲ್ಲೂ ಒಂದೊಂದಕ್ಕೆ ಬಾಲದಡಿ ಬಿಳುಪು ಇರುತ್ತದೆ. ಜುಟ್ಟು ಎಂಬುದು ಹೆಣ್ಣಿಗೆ ಇದ್ದೂ ಇಲ್ಲದ ಹಾಗೆ, ಹಿಂದಲೆಯಲ್ಲಿ ಸಣ್ಣ ಉಬ್ಬು. ಹಾಗಾಗಿ ದುರ್ಬೀನಣ್ಣ ನಂಬುವುದು ಕಣ್ಣನ್ನು. ಜುಟ್ಟುಬಾತಿನ ಹೆಣ್ಣಿಗೆ ಹಳದಿ ಕಣ್ಣು. ಆ ಇನ್ನೊಂದಕ್ಕೆ ಕಡುಗಂದು. ದೂರದಿಂದ ಕಪ್ಪೆಂದೇ ಕಾಣುತ್ತದೆ.

ಎರಡೂ ಮುಳುಗಿ ಮೇಯುವ ಬಾತುಗಳು. ನೀರೊಳಗೆ ಬಲೆ ಇದ್ದರೆ ಸಿಕ್ಕಿಹಾಕಿಕೊಂಡು ಉಸಿರುಗಟ್ಟಿ ಸಾಯುತ್ತವೆ. ಮೀನು ಹಿಡಿಯುವವರಿಗೂ ಅದು ಬೇಕಾದದ್ದಲ್ಲ, ಬಲೆ ಹರಿಯುತ್ತದೆ.

ಆರು ಚಳಿಗಾಲಗಳ ಹಿಂದೆ, ಹೀಗೇ ಮಂಜಿದ್ದ ಒಂದು ಬೆಳಿಗ್ಗೆ, ಹಿನ್ನೀರಿನ ಮೂಲೆಯಲ್ಲಿ ಜುಟ್ಟುಬಾತುಗಳ ಗುಂಪಿನ ನಡುವೆ ಬಾಲದಡಿ ಬೆಳ್ಳಗಿದ್ದ ಒಂದು ಕಂದು ಹೆಣ್ಣನ್ನು ದುರ್ಬೀನಣ್ಣ ಕಂಡರು. ಸೂರ್ಯ ಎದುರಿಗಿದ್ದ. ಹಕ್ಕಿ ಬೆನ್ನು ಹಾಕಿ ಈಜುತ್ತಿತ್ತು. ಒಂದು ಸಲ ತಲೆ ಹೊರಳಿಸಿತು. ಆಮೇಲೆ ಜೊಂಡಿನ ಹಿಂದೆ ಹೋಯಿತು. ಮಧ್ಯಾಹ್ನ ಇವರು ಕಚೇರಿಗೆ ಹೋಗಿ ಹಕ್ಕಿಗಳ ಉಸ್ತುವಾರಿಯ ಮೇಡಂ ಅವರಿಗೆ ವಿಷಯ ತಿಳಿಸಿದರು. ಮೇಡಂ ಕುರ್ಚಿ ಬಿಟ್ಟು ಎದ್ದರು.

"ಕಣ್ಣು ನೋಡಿದ್ರಾ?"

"ನೋಡಿದೆ ಮೇಡಂ. ಕಪ್ಪು."

ಆಮೇಲೆ ಮೇಡಂ ಎಷ್ಟೋ ಬೆಳಗು ಅಲ್ಲಿ ಕಾದರು. ಮಂಜು ಬಿಡಲಿಲ್ಲ, ಬಿಟ್ಟಾಗ ಹಕ್ಕಿ ಇರಲಿಲ್ಲ. ಆದರೆ ದುರ್ಬೀನಣ್ಣನ ಮಾತು ಅಲ್ಲಿಯವರೆಗೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಮೇಡಂ ಮೇಲಿನವರಿಗೆ ಬರೆದರು. ಚಳಿಗಾಲದಲ್ಲಿ ಹಿನ್ನೀರಿನ ಮೂಲೆಗೆ ಬಲೆ ಹಾಕಬಾರದು ಎಂಬ ಬೋರ್ಡು ದಡದಲ್ಲಿ ಎದ್ದು ನಿಂತಿತು.

ಆ ಮೂಲೆಯಲ್ಲಿ ಬಲೆ ಹಾಕುತ್ತಿದ್ದವರಲ್ಲಿ ಅಕ್ಕನ ಗಂಡ, ಇವರ ಭಾವನೂ ಒಬ್ಬರು.

ಈ ಭಾವನ ಬಗ್ಗೆ ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಅಕ್ಕ ಮದುವೆಯಾಗಿ ಬಂದಾಗ ಅವರ ಹಿಂದೆಯೇ, ಅಪ್ಪ ಅಮ್ಮ ಇಬ್ಬರೂ ಇಲ್ಲದ ತಮ್ಮನೂ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದ. ಆ ಹುಡುಗನಿಗೆ ಉಣ್ಣಿಸಿ, ಓದಿಸಿ, ಕಚೇರಿಯವರ ಕೈಕಾಲು ಹಿಡಿದು ಮಟ್ಟ ನೋಡುವ ಕೆಲಸ ಕೊಡಿಸಿದವರು ಭಾವ. ಬಾತುಗಳನ್ನು ಮೊದಲು ತೋರಿಸಿಕೊಟ್ಟವರೂ ಅವರೇ. ಎಷ್ಟು ಪ್ರಯತ್ನಪಟ್ಟರೂ ಕಲಿಸಲಾಗದ್ದು ಈಜು ಒಂದೇ. "ನಿನ್ನ ತಮ್ಮ ನೀರಿಗೆ ಬಿದ್ರೆ ಕಲ್ಲಿಗೆ ನಾಚಿಕೆ ಆಗ್ಬೇಕು," ಎಂದು ಹೆಂಡತಿಯನ್ನು ರೇಗಿಸುತ್ತಿದ್ದರಂತೆ. ಆದ್ದರಿಂದ ಪ್ರತಿ ಬೆಳಿಗ್ಗೆ ಅಳತೆ ಕಂಬಗಳಿಗೆ ದೋಣಿ ನಡೆಸುತ್ತಿದ್ದವರೂ ಭಾವನೇ. ತಮ್ಮ ಗುರುತು ಓದುತ್ತಿದ್ದ, ಭಾವ ಹುಟ್ಟು ಹಾಕುತ್ತಿದ್ದರು, ವಾಪಸು ಬರುತ್ತಾ ಹಿಂದಿನ ಸಂಜೆ ಹಾಕಿದ್ದ ಬಲೆ ಎತ್ತಿಕೊಂಡು ಬರುತ್ತಿದ್ದರು.

ಬೋರ್ಡು ಬಂದ ದಿನ ಇಡೀ ಸಾಲುಮನೆ ಮುಖ ಊದಿಸಿಕೊಂಡಿತ್ತು. ಭಾವ ಮಾತ್ರ ಊಟಕ್ಕೆ ಕೂತಾಗ ನಕ್ಕರು. "ನಿನ್ನ ಬಾತಿನ ಹತ್ರ ಬಾಡಿಗೆ ವಸೂಲಿ ಮಾಡು ತಮ್ಮಾ. ನಮ್ಮ ಜಾಗದಲ್ಲಿ ಬಿಟ್ಟಿ ಕೂತಿದ್ದಾಳೆ." ಆಮೇಲೆ ಅಣೆಕಟ್ಟೆಯ ಗೋಡೆಯ ಕಡೆ, ಆಳದ ನೀರಿನಲ್ಲಿ ಬಲೆ ಹಾಕಲು ಶುರು ಮಾಡಿದರು. ಬೇರೆ ಜಾಗ ಇರಲಿಲ್ಲ. ಅಲ್ಲಿ ಗಾಳಿಗೆ ಅಡ್ಡ ಎಂಬುದೇ ಇಲ್ಲ.

ಚಳಿಗಾಲ ಮುಗಿಯುವ ಮೊದಲೇ ಒಂದು ಸಂಜೆ ಗಾಳಿ ಎದ್ದಿತು. ದೋಣಿ ಮಗುಚಿತು. ಮಾರನೆಯ ದಿನ ಭಾವನ ದೇಹ ಗೋಡೆಯ ಕಲ್ಲುಗಳ ಹತ್ತಿರ ಸಿಕ್ಕಿತು.

"ಬಲೆ ಕಾಲಿಗೆ ಸುತ್ಕೊಂಡಿತ್ತು," ಎನ್ನುತ್ತಾರೆ ಅಕ್ಕ. "ಇಲ್ದಿದ್ರೆ ಅವರಿಗೆ ಆ ನೀರು ಏನೂ ಅಲ್ಲ."

ಅಕ್ಕ ಇದನ್ನು ಹೇಳುವುದು ತಮ್ಮ ಎದುರಿಗಿರುವಾಗಲೇ. ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕೈ ಮಾತ್ರ ಹುಟ್ಟಿನ ಹಿಡಿಯನ್ನು ಒರೆಸುತ್ತಲೇ ಇರುತ್ತದೆ.

ಆ ಚಳಿಗಾಲ ಕಳೆಯುವವರೆಗೂ ಅವರು ತಮ್ಮನ ಜೊತೆ ಮಾತಾಡಲಿಲ್ಲ. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ತಮ್ಮನಿಗೆ ಮದುವೆಯಿಲ್ಲ, ಊಟವೆಲ್ಲ ಅಕ್ಕನ ಮನೆಯಲ್ಲೇ. ಮಾತು ನಿಂತರೂ ಊಟ ನಿಲ್ಲಲಿಲ್ಲ. ತಟ್ಟೆ ಮುಚ್ಚಿ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. "ಅನ್ನ ಹಾಕ್ತಿದ್ಳು, ಉಪ್ಪು ಹಾಕ್ತಿರಲಿಲ್ಲ," ಎನ್ನುತ್ತಾರೆ ದುರ್ಬೀನಣ್ಣ. ಹಿಂದಿನ ಹಲಗೆಯಿಂದ ಉತ್ತರ ಬರುತ್ತದೆ: "ಮರೀತಿದ್ದೆ. ನನ್ನ ಊಟಕ್ಕೂ ಇರ್ತಿರಲಿಲ್ಲ."

ಕಚೇರಿಯವರು ದೋಣಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದರು. ಇವರು ಯಾರನ್ನೂ ಕರೆಯಲಿಲ್ಲ. ಕೊಂಚ ದಿನ ಒಬ್ಬರೇ ಹೋದರು, ಓಲಾಡುತ್ತಾ, ಕಂಬಗಳಿಗೆ ಡಿಕ್ಕಿ ಹೊಡೆಯುತ್ತಾ. ಒಂದು ಬೆಳಿಗ್ಗೆ ದಡಕ್ಕೆ ಬಂದು ನೋಡಿದರೆ ಅಕ್ಕ ದೋಣಿಯಲ್ಲಿ ಕೂತಿದ್ದರು, ಹುಟ್ಟು ತೊಡೆಯ ಮೇಲೆ.

"ಹತ್ತು. ನಿಂಗೆ ಈಜು ಬರಲ್ಲ," ಎಂದರಂತೆ. ಅಷ್ಟೇ.

ಅಂದಿನಿಂದ ಅಕ್ಕನೇ ದೋಣಿ ನಡೆಸುತ್ತಿದ್ದಾರೆ. ಕಚೇರಿಯಿಂದ ದಿನಗೂಲಿ ಸಿಗುತ್ತದೆ. ಉಳಿದ ಹೊತ್ತಿನಲ್ಲಿ ಬೇರೆಯವರ ಬಲೆ ಸರಿಮಾಡುತ್ತಾರೆ. ಹೆಂಗಸರು ದೋಣಿ ನಡೆಸುವುದೇ ಎಂದು ಮೊದಲು ಮೂಗು ಮುರಿದವರು ಈಗ ದೋಣಿಗೆ ತೂತು ಬಿದ್ದರೆ ಇವರನ್ನೇ ಕೇಳಲು ಬರುತ್ತಾರೆ.

ದುರ್ಬೀನಣ್ಣನಿಗೆ ನಿದ್ದೆ ಕೆಡಿಸಿದ್ದು ಸಾವಲ್ಲ ಎಂದರೆ ತಪ್ಪಾದೀತು. ಸಾವೇ. ಆದರೆ ಅದರೊಳಗೆ ಇನ್ನೊಂದು ಮುಳ್ಳಿದೆ. ಆ ಬೆಳಿಗ್ಗೆ ತಾನು ಬಾತಿನ ಕಣ್ಣು ನೋಡಿದ್ದೆನೇ?

"ಮೇಡಂ ಕೇಳಿದ ತಕ್ಷಣ ನೋಡಿದೆ ಅಂದೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ತಲೆ ಹೊರಳಿಸಿತಲ್ಲ, ಆಗ ಕಪ್ಪಗೆ ಏನೋ ಕಂಡಿತ್ತು. ಎದುರು ಬಿಸಿಲಿಗೆ ಎಲ್ಲಾ ಕಪ್ಪಗೇ ಕಾಣುತ್ತೆ. ನಾನು ಕಂಡದ್ದು ಕಣ್ಣಾ, ನೆರಳಾ? ಇಲ್ಲ, ಅದೇ ಆಗಿರಲಿ ಅಂತ ನನಗೆ ಆಸೆ ಇತ್ತಲ್ಲ, ಅದಾ? ಆಮೇಲೆ ಎಷ್ಟು ಸಲ ನೆನೆಸ್ಕೊಂಡಿದ್ದೀನಿ ಅಂದ್ರೆ, ಈಗ ನೆನಪೇ ಸವೆದುಹೋಗಿದೆ. ಒಂದು ದಿನ ಕಪ್ಪಗೆ ನೆನಪಾಗುತ್ತೆ, ಒಂದು ದಿನ ಹಳದಿ."

ಅದು ಬಿಳಿಗಣ್ಣ ಬಾತೇ ಆಗಿದ್ದರೆ ಭಾವ ಸತ್ತದ್ದು ದುರದೃಷ್ಟ. ಜುಟ್ಟುಬಾತು ಆಗಿದ್ದರೆ, ಇವರ ಲೆಕ್ಕದಲ್ಲಿ, ತನ್ನ ಒಂದು ಮಾತಿನಿಂದ. ಹಾಗಾಗಿ ಆರು ಚಳಿಗಾಲವೂ ಇವರು ಹಿನ್ನೀರಿನಲ್ಲಿ ಹುಡುಕುತ್ತಿರುವುದು ಆ ಒಂದೇ ಹಕ್ಕಿಯನ್ನು. ಇನ್ನೊಂದು ಸಲ ಬರಲಿ, ಕಣ್ಣು ತೋರಿಸಲಿ. ಆ ಜಾತಿ ಇಲ್ಲಿಗೆ ಬರುತ್ತದೆ ಎಂಬುದಾದರೂ ಖಚಿತವಾಗಲಿ.

ಎರಡನೆಯ ಚಳಿಗಾಲದಲ್ಲಿ ಇದನ್ನೆಲ್ಲ ಅಕ್ಕನಿಗೆ ಹೇಳಿಕೊಂಡರು, ದೋಣಿಯಲ್ಲೇ, ಬೆನ್ನು ತಿರುಗಿಸಿ ಕೂತು. ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಮುಂದಿನ ಕಂಬದ ಹತ್ತಿರ ಬಂದ ಮೇಲೆ ಹೇಳಿದರು:

"ನೀನು ಕಣ್ಣು ನೋಡ್ಬೇಕಿತ್ತು. ಅವರು ಗಾಳಿ ನೋಡ್ಬೇಕಿತ್ತು. ನಾನು ಹೋಗ್ಬೇಡಿ ಅನ್ಬೇಕಿತ್ತು. ಓದು, ಮಟ್ಟ ಎಷ್ಟಿದೆ?"

ಬಲೆ ಇಲ್ಲದ ಹಿನ್ನೀರಿನಲ್ಲಿ ಈ ಆರು ವರ್ಷಗಳಲ್ಲಿ ಬಾತುಗಳು ಹೆಚ್ಚಾಗಿವೆ. ಬೆಳಗಿನ ಹೊತ್ತು ನೀರೇ ಕಾಣದಷ್ಟು. ಆದರೆ ಆ ಒಂದು ಹಕ್ಕಿ ಬರಲಿಲ್ಲ. ಮೀನು ಹಿಡಿಯುವವರು ದಾರಿಯಲ್ಲಿ ಸಿಕ್ಕಾಗ ಕೇಳುತ್ತಾರೆ: "ಏನ್ ದುರ್ಬೀನಣ್ಣ, ನಿಮ್ಮ ನೆಂಟ್ರು ಬಂದ್ರಾ?" ಪಕ್ಕದವರು ಸೇರಿಸುತ್ತಾರೆ: "ಅವರಿಗೆ ರಜೆ ಸಿಕ್ಕಿಲ್ವಂತೆ." ಮಾತಿನಲ್ಲಿ ವಿಷವಿಲ್ಲ, ಆದರೆ ಹೊಟ್ಟೆಯ ಸಂಕಟವಿದೆ. ಆಳದ ನೀರಿಗೆ ಹೋಗಲು ಅವರಿಗೂ ಈಗ ಭಯ. ಹೋಗದಿದ್ದರೆ ನಡೆಯುವುದಿಲ್ಲ.

ಈ ಚಳಿಗಾಲದ ಆರಂಭದಲ್ಲಿ ಅವರೆಲ್ಲ ಸೇರಿ ಕಚೇರಿಗೆ ಹೋದರು. ಬಾರದ ಹಕ್ಕಿಗೆ ಜಾಗ ಕಾದಿರಿಸುವುದು ಎಲ್ಲಿಯವರೆಗೆ ಎಂದು ಕೇಳಿದರು. ಮೇಡಂ ಹೇಳಿದ್ದು ಇಷ್ಟು: ಈ ಸಲವೂ ಕಾಯೋಣ. ಹಕ್ಕಿ ಕಂಡರೆ ಬೋರ್ಡು ಇರುತ್ತದೆ. ಇಲ್ಲದಿದ್ದರೆ ತೆಗೆಯೋಣ. ಕಾಯುವ ಕೆಲಸ ಯಾರದೆಂದು ಹೇಳಬೇಕಾಗಿರಲಿಲ್ಲ.

ಚಳಿ ಬಿಡುವ ಹೊತ್ತಿಗೆ, ಬಾತುಗಳು ಹೊರಡುವ ತಯಾರಿಯಲ್ಲಿದ್ದಾಗ, ಅದು ಕಂಡಿತು. ಗುಂಪಿನ ಅಂಚಿನಲ್ಲಿ ಒಂದು ಕಂದು ಹೆಣ್ಣು, ಬಾಲದಡಿ ಸುಣ್ಣ ಬಳಿದ ಹಾಗೆ ಬಿಳುಪು. ಆದರೆ ಮಲಗಿತ್ತು, ಕೊಕ್ಕು ಮುಖ ಎಲ್ಲವನ್ನೂ ಬೆನ್ನಿನ ಗರಿಯೊಳಗೆ ಹುದುಗಿಸಿ. ದುರ್ಬೀನಣ್ಣ ಕೈ ಎತ್ತಿದರು. ಅಕ್ಕ ಹುಟ್ಟನ್ನು ನೀರಿನಿಂದ ತೆಗೆಯದೆ, ತುದಿಯನ್ನಷ್ಟೇ ತಿರುವುತ್ತಾ ದೋಣಿಯನ್ನು ಜೊಂಡಿನ ಪಕ್ಕಕ್ಕೆ ಸರಿಸಿ ನಿಲ್ಲಿಸಿದರು. ಬಿಸಿಲು ಈ ಸಲ ಬೆನ್ನಿಗಿತ್ತು. ಎಲ್ಲ ಸರಿಯಾಗಿತ್ತು, ಅದು ಏಳಬೇಕಿತ್ತು, ಅಷ್ಟೇ.

ಕಾದರು.  ಉಸಿರಿಗೆ ಗಾಜು ಮಬ್ಬಾಯಿತು. ಇವರು ಅದನ್ನು ಇಳಿಸಿ ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಆಗಲೇ ಜೊಂಡಿನ ಮೇಲಿಂದ ಗಿಡುಗವೊಂದು ಬಂತು. ಇವರು ದುರ್ಬೀನು ಎತ್ತುವಷ್ಟರಲ್ಲಿ ಇಡೀ ಗುಂಪು ಗಾಳಿಯಲ್ಲಿತ್ತು. ಎಲ್ಲಿ ನೋಡಿದರೂ ಎರಡು ಜಾತಿಗೂ ಇರುವ ಬಿಳಿ ಪಟ್ಟೆಯ ರೆಕ್ಕೆಗಳು.

ಹಿಂದಿನಿಂದ ಅಕ್ಕ ಹೇಳಿದರು: "ಕಪ್ಪು."

"ಏನು?"

"ಕಣ್ಣು. ಕಪ್ಪಗಿತ್ತು. ತಲೆ ಎತ್ತಿ ಈ ಕಡೆನೇ ತಿರುಗಿದ್ಳು."

"ಹಳದಿ ಇರಲಿಲ್ವಾ? ಸರಿಯಾಗಿ ಹೇಳು."

"ಹೇಳಿದ್ನಲ್ಲ."

"ನಿಜ ಹೇಳು ಅಕ್ಕ."

"ನಿನ್ನ ಹತ್ರ ಸುಳ್ಳು ಹೇಳಿ ನಂಗೇನು ಸಿಗಬೇಕು?"

ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ದೂರದ್ದು ಚೆನ್ನಾಗಿಯೇ ಕಾಣುತ್ತದೆ. ದೋಣಿಯೂ ಹತ್ತಿರವಿತ್ತು. ಕಂಡಿರಲಾರದು ಎನ್ನುವಂತಿಲ್ಲ. ಕೊನೆಯ ಕಂಬದ ಗುರುತು ಓದುವುದನ್ನು ಅಂದು ಮರೆತು ಇಬ್ಬರೂ ದಡಕ್ಕೆ ಬಂದರು. ಅದನ್ನು ಓದಲು ಮತ್ತೆ ಹೋಗಬೇಕಾಯಿತು.

ಕಚೇರಿಯ ಸಭೆಯ ದಿನ ಸಾಲುಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಮೀನು ಹಿಡಿಯುವವರಲ್ಲಿ ಹಿರಿಯರೊಬ್ಬರು ಮುಂದೆ ಬಂದು, "ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ದುರ್ಬೀನಣ್ಣ ಹೇಳಿದ್ದಕ್ಕೆ ನಾವು ಎರಡು ಮಾತಾಡಲ್ಲ," ಎಂದರು. 

ಮೇಡಂ ಅದೇ ಪ್ರಶ್ನೆ ಕೇಳಿದರು. ಕಣ್ಣು ನೋಡಿದ್ರಾ?

"ಇಲ್ಲ ಮೇಡಂ. ಬಾಲ ನೋಡಿದೆ. ಕಣ್ಣು ನಾನು ನೋಡಲಿಲ್ಲ. ನಮ್ಮಕ್ಕ ನೋಡಿದೆ ಅಂತಾಳೆ." ಆಮೇಲೆ ಸೇರಿಸಿದರು: "ಆರು ವರ್ಷದ ಹಿಂದಿನದ್ದೂ ನೋಡಿದ್ದೆ ಅಂತ ಈಗ ಗಟ್ಟಿಯಾಗಿ ಹೇಳಲಾರೆ."

 ಅಕ್ಕನನ್ನು ಕರೆಸಿ ಕೇಳೋಣವೇ ಎಂದರು ಮೇಡಂ.

"ಬೇಡ ಮೇಡಂ. ಅವಳು ಕಂಡೂ ಇರಬಹುದು. ನನಗೋಸ್ಕರ ಹೇಳಿಯೂ ಇರಬಹುದು. ಒಬ್ಬರ ಬಾಯಿಮಾತು ನಂಬಿ ಒಂದು ಸಲ ಆಗಿದ್ದು ಸಾಕು."

ಬೋರ್ಡು ತೆಗೆದರು. ಬೋರ್ಡಿನ ಕಂಬ ಆಳಕ್ಕೆ ಹೂತಿದ್ದರಿಂದ ಅದನ್ನು ಕೀಳಲು ಇಡೀ ಬೆಳಗು ಹಿಡಿಯಿತು. ಮುಂದಿನ ಚಳಿಗಾಲಕ್ಕೆ ಹಿನ್ನೀರಿನಲ್ಲಿ ಮತ್ತೆ ಬಲೆ ಬೀಳುತ್ತದೆ. ಯಾರ ಬಲೆ ಎಲ್ಲಿ ಎಂದು ಹಂಚುವಾಗ ಭಾವನ ಹಳೆಯ ಜಾಗವನ್ನು ಯಾರೂ ಕೇಳಲಿಲ್ಲ. ಅದು ಅಕ್ಕನದು ಎಂದು ಎಲ್ಲರೂ ಒಪ್ಪಿಕೊಂಡರು.

ಮಧ್ಯಾಹ್ನ ಅವರ ಮನೆಗೆ ಹೋದರೆ ಅಕ್ಕ ಕಿಟಕಿಯ ಪಕ್ಕ ಕೂತು ಗಂಡನ ಬಲೆ ಸರಿಮಾಡುತ್ತಿದ್ದಾರೆ. ಬಲೆಯ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿದ್ದಾರೆ. ಇನ್ನೊಂದು ತುದಿ ಕಾಲ್ಬೆರಳಿಗೆ. ತಮ್ಮ ನೆಲದ ಮೇಲೆ ಕೂತು ದಾರದ ಉಂಡೆ ಬಿಚ್ಚಿಕೊಡುತ್ತಿದ್ದಾರೆ.

"ನನ್ನ ಮಾತು ನಂಬಲಿಲ್ಲ ನೋಡಿ ಇವನು. ಊರವರ ಮುಂದೆ," ಎನ್ನುತ್ತಾರೆ ಅಕ್ಕ, ಮುಖ ಎತ್ತದೆ.

"ನಂಬಲಿಲ್ಲ ಅನ್ನಲಿಲ್ಲ. ನಾನು ನೋಡಲಿಲ್ಲ ಅಂದೆ."

"ಎರಡೂ ಒಂದೇ."

"ಒಂದೇ ಅಲ್ಲ ಅಕ್ಕ."

ಹಿನ್ನೀರಿನಲ್ಲಿ ಬಲೆ ಹಾಕುತ್ತೀರಾ ಎಂದು ಕೇಳಿದರೆ ಅಕ್ಕ, "ಹಾಕದೆ? ಹೊಟ್ಟೆ ಕೇಳುತ್ತಾ?" ಎಂದು ದಾರವನ್ನು ಹಲ್ಲಿನಿಂದ ಕತ್ತರಿಸುತ್ತಾರೆ. ಬಲೆ ಸಂಜೆ ಹಾಕಿದರೆ ಎತ್ತುವುದು ಬೆಳಿಗ್ಗೆ, ಕಂಬ ನೋಡಲು ಹೋಗುವ ಹೊತ್ತಿಗೇ. ಅಕ್ಕ ಎತ್ತುವಾಗ ದುರ್ಬೀನಣ್ಣನೂ ಕೈ ಹಾಕುತ್ತಾರಂತೆ, ಬಾತು ಸಿಕ್ಕಿದ್ದರೆ, ಜೀವ ಇದ್ದರೆ, ಬಿಡಿಸಲು. ಹೆಚ್ಚಾಗಿ ಜೀವ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ದುರ್ಬೀನಣ್ಣ ದಾರದ ಗಂಟಿನೊಡನೆ ಬಹಳ ಹೊತ್ತು ಗುದ್ದಾಡುತ್ತಾರೆ.

"ಒಂದಿನ ಬಲೆಯಲ್ಲಿ ಬಾಲದಡಿ ಬಿಳುಪಿರೋದು ಬರಬಹುದು. ಆಗ ಕಣ್ಣು ಕೈಯಲ್ಲೇ ಇರುತ್ತೆ, ಬೇಕಾದಷ್ಟು ಹೊತ್ತು ನೋಡಬಹುದು." ಗಂಟು ಬಿಚ್ಚಿಕೊಳ್ಳುತ್ತದೆ. "ಹಾಗೆ ಮಾತ್ರ ಗೊತ್ತಾಗೋದು ಬೇಡ. ಅಷ್ಟೇ ನನ್ನ ಆಸೆ."

ಆರು ಚಳಿಗಾಲಗಳ ಹಿಂದಿನ ಆ ಬಾತು ಯಾವುದು ಎಂಬುದು ಈ ಬರಹಕ್ಕೆ ತಿಳಿದಿಲ್ಲ. ಅಕ್ಕ ಆ ಬೆಳಿಗ್ಗೆ ನಿಜವಾಗಿ ಕಣ್ಣು ಕಂಡರೇ ಎಂದು, ತಮ್ಮ ನೀರು ತರಲು ಹೊರಗೆ ಹೋದಾಗ ಕೇಳಿದ್ದಾಯಿತು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಆಮೇಲೆ, ಚಿಲಕಕ್ಕೆ ಕಟ್ಟಿದ ತುದಿಯನ್ನು ಕೊಂಚ ಬಿಗಿ ಮಾಡಿಕೊಡಿ ಎಂದರು. ಉತ್ತರ ಏನೆಂದು ಗೊತ್ತಾಗಲಿಲ್ಲ.